ವೇಣುಗೋಪಾಲನ ಮೂರು ಬೆರಳು

ಸೂಲಿಬೆಲೆಯಿಂದ ಮೂರು ಮೈಲಿ ಒಳಗೆ, ಕೆರೆ ಏರಿಯ ಕೆಳಗೆ ನಮ್ಮೂರು. ಅಲ್ಲಿಯ ವೇಣುಗೋಪಾಲಸ್ವಾಮಿ ಗುಡಿಗೆ ನನ್ನ ಅಪ್ಪ ಅರ್ಚಕರು. ಅವರಪ್ಪ, ಅವರ ತಾತ ಎಲ್ಲರೂ ಅದೇ ಗುಡಿಯಲ್ಲಿ ಗಂಟೆ ಬಾರಿಸಿದವರು. ನನಗೆ ಎಂಟು ವರ್ಷವಾಗಿದ್ದಾಗ ಅಮ್ಮ ತೀರಿಕೊಂಡರು. ಒಡಹುಟ್ಟಿದವರು ಇಲ್ಲ. ಹಾಗಾಗಿ ಗುಡಿಯ ಕೆಲಸದಲ್ಲಿ ಹೆಣ್ಣುಮಗಳು ಮಾಡಬಹುದಾದದ್ದನ್ನೆಲ್ಲ ನಾನೇ ಮಾಡುತ್ತಿದ್ದೆ. ಗಂಧ ತೇಯುತ್ತಿದ್ದೆ, ಹೂ ಕಟ್ಟುತ್ತಿದ್ದೆ, ಬತ್ತಿ ಹೊಸೆಯುತ್ತಿದ್ದೆ, ನೈವೇದ್ಯಕ್ಕೆ ಅನ್ನ ಮಾಡಿ ತಂದು ಸುಕನಾಸಿಯ ಹೊಸ್ತಿಲಲ್ಲಿ ಇಡುತ್ತಿದ್ದೆ. ಅದರಾಚೆ ಗರ್ಭಗುಡಿ. ಅಲ್ಲಿಗೆ ಅಪ್ಪ ಒಬ್ಬರೇ ಹೋಗುವವರು.

ಹೊಸಕೋಟೆ ಕಡೆಯಿಂದಲೋ ದೇವನಹಳ್ಳಿ ಕಡೆಯಿಂದಲೋ ಯಾರಾದರೂ ಹೊಸಬರು ಬಂದರೆ ಮಂಗಳಾರತಿ ಆದಮೇಲೆ ಅಪ್ಪ ಅವರನ್ನು ನವರಂಗದಲ್ಲಿ ಕೂರಿಸಿಕೊಂಡು ಸ್ಥಳದ ಕಥೆ ಹೇಳುತ್ತಿದ್ದರು. ಹಿಂದೆ ಒಂದು ಸಲ ಮಳೆ ಹೋಗಿ ಕೆರೆ ಬತ್ತಿತಂತೆ. ದನ ಕಾಯುವವರಿಗೆ ಒಣಗಿದ ಕೆಸರಿನ ಒಳಗಿಂದ ಕೊಳಲಿನ ದನಿ ಕೇಳಿಸಿತಂತೆ. ಮೂರು ದಿನ ಕೇಳಿ, ನಾಲ್ಕನೆಯ ದಿನ ಅಗೆದರೆ ಸ್ವಾಮಿ ನಿಂತೇ ಇದ್ದನಂತೆ, ಮೈಮೇಲೆ ಒಂದು ಚೂರು ಮಣ್ಣಿಲ್ಲದೆ. ಊರಲ್ಲಿ ಆಗಲೇ ಒಂದು ಗುಡಿ ಇತ್ತು. ಯಾರು ಕಟ್ಟಿದ್ದೋ ಯಾರಿಗೂ ತಿಳಿಯದು, ಒಳಗೆ ದೇವರಿಲ್ಲ, ಬಾಗಿಲು ತೆರೆದೇ ಇತ್ತು. ಸ್ವಾಮಿಯನ್ನು ಹೊತ್ತುಕೊಂಡು ಆ ಗುಡಿಯ ಮುಂದೆ ಬಂದಾಗ ಅವನು ಹೆಜ್ಜೆ ಎತ್ತಲಾರದಷ್ಟು ಭಾರವಾದನಂತೆ. "ಮನೆ ಕಟ್ಟಿಸಿ ಕಾಯ್ತಾ ಇದ್ದ ಜಾಗಕ್ಕೆ ಯಜಮಾನ ಬಂದ ಹಾಗೆ ಬಂದ," ಎಂದು ಅಪ್ಪ ಕಥೆ ಮುಗಿಸುತ್ತಿದ್ದರು. ಕೇಳಿದವರು ಒಂದು ಗಳಿಗೆ ಸುಮ್ಮನಿರುತ್ತಿದ್ದರು. ಅಪ್ಪನಿಗೆ ಆ ಮೌನವೇ ಸಂಭಾವನೆ.

ಗುಡಿ ದೊಡ್ಡದಲ್ಲ. ಗರ್ಭಗುಡಿ, ಅದರ ಮುಂದೆ ಸುಕನಾಸಿ ಎನ್ನುವ ಇಕ್ಕಟ್ಟಾದ ಅಂಕಣ, ಅದರ ಮುಂದೆ ನಾಲ್ಕು ಕಂಬದ ನವರಂಗ. ಆ ನಾಲ್ಕು ಕಂಬ ಮಾತ್ರ ಕಪ್ಪು ಕಲ್ಲಿನವು. ಕುಂಬಾರನ ತಿರುಗಣೆಯ ಮೇಲೆ ಎಬ್ಬಿಸಿದಂತೆ ಉಂಗುರ ಉಂಗುರವಾಗಿ ನುಣ್ಣಗಿದ್ದವು, ಹತ್ತಿರ ನಿಂತರೆ ಮುಖ ಮಬ್ಬಾಗಿ ಕಾಣುತ್ತಿತ್ತು. ಉಳಿದದ್ದೆಲ್ಲ ನಮ್ಮ ಸೀಮೆಯ ಬೂದು ಬಣ್ಣದ ಗಟ್ಟಿ ಕಲ್ಲು. ಮುಂದಿನ ಮಂಟಪವನ್ನು ಯಾರೋ ಪಾಳೇಗಾರ ಆಮೇಲೆ ಸೇರಿಸಿದ್ದು. ಅಲ್ಲಿಯ ಕಂಬಗಳ ಮೇಲೆ ಕೋತಿ, ಮೀನು, ಬಿಲ್ಲು ಹಿಡಿದ ಬೇಡ, ಇಂಥ ಒರಟು ಕೆತ್ತನೆ. ಗೋಡೆಯ ಬುಡದಲ್ಲಿ ಗುಡಿಯನ್ನು ಸುತ್ತುವರಿದು ಅರವದ, ಎಂದರೆ ತಮಿಳಿನ, ಅಕ್ಷರಗಳಿದ್ದವು. ಊರಲ್ಲಿ ಓದಬಲ್ಲವರು ಯಾರೂ ಇರಲಿಲ್ಲ. ನಿಧಿ ಎಲ್ಲಿದೆ ಎಂದು ಬರೆದಿದೆ ಎಂದು ಕೆಲವರು ನಂಬಿದ್ದರು. ಗುಡಿಯ ಹಿಂಬದಿಯಲ್ಲಿ ಯಾರೋ ಅಗೆದು ಬಿಟ್ಟ ಗುಂಡಿಯೂ ಒಂದಿತ್ತು.

ಈಗ ಹೇಳಬೇಕಾದದ್ದು ಯುದ್ಧದ ಕಾಲದ ಮಾತು. ನನಗೆ ಹದಿನೇಳು ತುಂಬಿತ್ತು. ಎಣ್ಣೆ ಸಿಗುವುದು ದುರ್ಲಭವಾಗಿ, ಗರ್ಭಗುಡಿಯಲ್ಲಿ ನಾಲ್ಕು ದೀಪ ಉರಿಯುತ್ತಿದ್ದ ಕಡೆ ಒಂದೇ ಒಂದು ಉರಿಯುತ್ತಿತ್ತು. ಅಪ್ಪನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಹೊರಗೆ ಬಿಸಿಲಲ್ಲಿ ಹೇಗೋ ನಿಭಾಯಿಸುತ್ತಿದ್ದರು, ಒಳಗೆ ಕೈಯೇ ಕಣ್ಣು. ನಲವತ್ತು ವರ್ಷ ಸ್ವಾಮಿಯ ಮೈ ತೊಳೆದ ಕೈ ಅದು. ನಾನೂ ಅದನ್ನೇ ನಂಬಿದ್ದೆ.

ಧನುರ್ಮಾಸದ ಒಂದು ಬೆಳಿಗ್ಗೆ, ಬಿಸಿಲು ನವರಂಗದ ಹೊಸ್ತಿಲಿಗೆ ಬಂದ ಹೊತ್ತು. ನಾನು ಕಂಬಕ್ಕೆ ಒರಗಿ ಗಂಧ ತೇಯುತ್ತಿದ್ದೆ. ಒಳಗೆ ಅಭಿಷೇಕದ ಬಿಂದಿಗೆ ಏನಕ್ಕೋ ತಾಗಿದ ಸದ್ದು, ಆಮೇಲೆ ಚೂರೊಂದು ಕಲ್ಲಿನ ಮೇಲೆ ಬಿದ್ದು ಉರುಳಿದ ಸದ್ದು. ಮಂತ್ರ ನಿಂತುಹೋಯಿತು.

"ಅಪ್ಪಾ?" ಎಂದೆ.

ಸುಕನಾಸಿಯವರೆಗೆ ಓಡಿ ನಿಂತೆ. ಅಪ್ಪ ಮಂಡಿಯೂರಿ ಒದ್ದೆ ನೆಲವನ್ನು ಎರಡೂ ಕೈಯಲ್ಲಿ ತಡವುತ್ತಿದ್ದರು. ನೀರು ಹರಿದು ತೂಬಿನ ಕಡೆ ಹೋಗುತ್ತಿತ್ತು.

"ಮಗೂ, ಬಾಗಿಲು ಹಾಕು," ಎಂದರು. ದನಿ ಅವರದಾಗಿರಲಿಲ್ಲ. ನಾನು ಹೋಗಿ ನವರಂಗದ ಬಾಗಿಲು ಹಾಕಿ ಅಗಳಿ ಸರಿಸಿ ಬಂದೆ. "ಒಳಗೆ ಬಾ. ನನಗೆ ಸಿಗ್ತಾ ಇಲ್ಲ."

"ಒಳಗಾ?"

"ಬಾ ಅಂದೆನಲ್ಲ. ಪಾಪ ಬಂದ್ರೆ ನನಗೆ ಬರ್ಲಿ."

ಹೀಗೆ ನಾನು ಆ ಹೊಸ್ತಿಲು ದಾಟಿದೆ. ಎಷ್ಟು ಸಣ್ಣ ಕೋಣೆ ಅದು! ಹೊರಗಿನಿಂದ ನೋಡುವಾಗ ಅದಕ್ಕೆ ಕೊನೆಯೇ ಇಲ್ಲ ಅನ್ನಿಸುತ್ತಿತ್ತು. ಒಳಗೆ ಕೈ ಚಾಚಿದರೆ ಗೋಡೆ. ಎಣ್ಣೆಯ, ತುಳಸಿಯ, ಬಾವಲಿಯ ವಾಸನೆ. ಸ್ವಾಮಿಯ ಮೈಮೇಲೆ ಬಟ್ಟೆಯಿರಲಿಲ್ಲ, ಹೂವಿರಲಿಲ್ಲ. ಅವನನ್ನು ಹಾಗೆ ನಾನು ಎಂದೂ ನೋಡಿರಲಿಲ್ಲ. ಬಲಗಡೆಗೆ ಚಾಚಿದ ಕೊಳಲಿನ ತುದಿ ಇರಲಿಲ್ಲ. ಕೊಳಲನ್ನು ಒತ್ತಿ ಹಿಡಿದಿದ್ದ ಬಲಗೈಯ ಮೂರು ಬೆರಳು ಇರಲಿಲ್ಲ. ಮುರಿದ ಜಾಗದಲ್ಲಿ ಕಲ್ಲು ಹೊಸದಾಗಿ, ಬೂದಿಯ ಬಣ್ಣಕ್ಕಿತ್ತು. ಪೀಠದ ಹಿಂದೆ, ತೂಬಿನ ಬಾಯಲ್ಲಿ ಚೂರುಗಳು ಸಿಕ್ಕವು. ಎತ್ತಿ ಅಪ್ಪನ ಅಂಗೈಗೆ ಹಾಕಿದೆ. ಅವರು ಒಂದೊಂದನ್ನೂ ಮುಟ್ಟಿ ನೋಡಿದರು. ಉಗುರಿನ ಗೆರೆಯೂ ಕೆತ್ತಿದ್ದ ಬೆರಳುಗಳು.

ಭಿನ್ನವಾದ ಮೂರ್ತಿಗೆ ಪೂಜೆ ಸಲ್ಲದು. ಇದು ನನಗೂ ಗೊತ್ತಿದ್ದ ವಿಷಯ. ಊರವರಿಗೆ ಹೇಳಬೇಕು, ಗುಡಿ ಮುಚ್ಚಬೇಕು, ಶಾಸ್ತ್ರ ಬಲ್ಲವರನ್ನು ಕರೆಸಬೇಕು. ಅಪ್ಪ ಹೇಳುತ್ತಾರೆ ಎಂದೇ ಕಾದೆ. ಅವರು ಹೇಳಿದ್ದು ಬೇರೆ. "ಕುಡುಗೋಲಿನ ಹಿಡಿಗೆ ಹಾಕ್ತಾರಲ್ಲ ಅರಗು, ಮನೇಲಿದೆಯಾ?"

ಇತ್ತು. ಕೆಂಡದ ಮೇಲೆ ಅರಗು ಕರಗಿಸಿ ತಂದು, ಕೊಳಲಿನ ತುದಿಯನ್ನು, ಬೆರಳುಗಳನ್ನು ಒಂದೊಂದಾಗಿ ಜಾಗಕ್ಕೆ ಕೂರಿಸಿದೆ. ಒತ್ತಿ ಹಿಡಿದುಕೊಂಡೇ ನಿಂತಿದ್ದೆ, ಅರಗು ಗಟ್ಟಿಯಾಗುವ ತನಕ. ನನ್ನ ಮುಖದ ಹತ್ತಿರವೇ ಅವನ ಮುಖ. ಭಕ್ತಿ ಬಂತು ಎಂದು ಬರೆದರೆ ಸುಳ್ಳಾಗುತ್ತದೆ. ಕೈ ನಡುಗಬಾರದು, ಅಷ್ಟೇ ನನ್ನ ತಲೆಯಲ್ಲಿದ್ದದ್ದು. ಅಪ್ಪ ಪಕ್ಕದಲ್ಲಿ ನಿಂತು ದೀಪ ಹಿಡಿದಿದ್ದರು. ದೀಪದ ಎಣ್ಣೆ ಅವರ ಮುಂಗೈ ಮೇಲೆ ಚೆಲ್ಲುತ್ತಿದ್ದರೂ ಅವರಿಗೆ ತಿಳಿಯಲಿಲ್ಲ.

ಅಂದಿನಿಂದ ಸ್ವಾಮಿಯ ಬಲಗೈ ಗಂಧದ ಮೆತ್ತೆಯಲ್ಲಿ, ಹೂವಿನ ಚೆಂಡಿನಲ್ಲಿ ಮುಚ್ಚಿಹೋಯಿತು. ಅಪ್ಪ ಆ ಕೈಗೆ ನೀರು ತಾಗದಂತೆ ಅಭಿಷೇಕ ಮಾಡುವುದನ್ನು ಕಲಿತರು. ಊಟ ಕಡಿಮೆಯಾಯಿತು. ಒಂದು ದಿನ ನಾನೇ ಕೇಳಿದೆ, "ಹೇಳಿಬಿಡೋಣ ಅಪ್ಪಾ. ಕಣ್ಣು ಕಾಣಲ್ಲ ಅಂದ್ರೆ ಊರವರು ಅರ್ಥ ಮಾಡ್ಕೋತಾರೆ."

"ಕಣ್ಣು ಕಾಣದೋನು ಯಾಕೆ ಒಳಗೆ ಹೋದೆ ಅಂತಾರೆ," ಎಂದರು. ಆಮೇಲೆ ತಾವೇ, "ಅದು ಸರಿಯಾದ ಪ್ರಶ್ನೆನೇ," ಎಂದರು.

ಗುಡಿಗೆ ಹೂ ಕೊಡುತ್ತಿದ್ದವರು ಕೆರೆಯ ಕೆಳಗೆ ತೋಟವಿದ್ದ ಒಬ್ಬ ಹೆಂಗಸು. ನಾನು ಹೂವಿನಕ್ಕ ಎನ್ನುತ್ತಿದ್ದೆ, ಅವರು ನನ್ನನ್ನು ಅಮ್ಮಣ್ಣಿ ಎನ್ನುತ್ತಿದ್ದರು. ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು. ಆರು ವರ್ಷದ ಒಬ್ಬಳೇ ಮಗಳು. "ಇನ್ನು ಮೇಲೆ ಸೇವಂತಿಗೆ ಜಾಸ್ತಿ ಬೇಕು ಹೂವಿನಕ್ಕ," ಎಂದಾಗ ಅವರ ಮುಖ ಅರಳಿತು. "ಸ್ವಾಮಿ ಕೇಳ್ದಂಗಾಯ್ತು ಬುಡಿ. ನಮ್ ತೋಟದ್ದೆಲ್ಲ ಅವನ್ದೇ," ಎಂದರು. ಮಗಳು ದಿನಾ ತಾಯಿಯ ಜೊತೆ ಬಂದು ನವರಂಗದ ಕಂಬ ತಬ್ಬಿಕೊಂಡು ಒಳಗೆ ನೋಡುತ್ತಿದ್ದಳು. ಮಕ್ಕಳ ಕಣ್ಣು. ಒಂದು ಬೆಳಿಗ್ಗೆ ಕೇಳಿದಳು, "ಅಕ್ಕಾ, ಸ್ವಾಮಿ ಕೈ ಯಾಕೆ ಕಾಣ್ಸಲ್ಲ?"

ನನಗೆ ತೋಚಿದ್ದನ್ನು ಹೇಳಿದೆ. "ಸ್ವಾಮಿಗೆ ಚಳಿ ಕಣೇ, ಅದಕ್ಕೆ ಮುಚ್ಚಿದೀವಿ."

ಅವಳು ತಲೆದೂಗಿ ನಂಬಿದಳು. ಮರುದಿನ ತಾಯಿ ಇನ್ನೊಂದು ಬುಟ್ಟಿ ಹೆಚ್ಚಿಗೆ ತಂದರು. "ಸ್ವಾಮಿಗೆ ಚಳಿ ಅಂತೆ, ಇವ್ಳು ಬುಡ್ತಾನೇ ಇಲ್ಲ," ಎಂದು ನಕ್ಕರು.

ಮರುವರ್ಷದ ಸುಗ್ಗಿ ಮುಗಿಯುವ ಹೊತ್ತಿಗೆ ಊರಲ್ಲಿ ಇಲಿ ಬೀಳತೊಡಗಿತು. ಮೊದಲು ಪಟೇಲರ ಕಣಜದ ಹತ್ತಿರ, ಆಮೇಲೆ ಬೀದಿ ಬೀದಿಯಲ್ಲಿ. ಪ್ಲೇಗು ಎಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಎರಡೇ ದಿನದಲ್ಲಿ ಊರು ಖಾಲಿಯಾಗಿ, ಏರಿಯ ಆಚೆ ಹೊಲಗಳಲ್ಲಿ ಗುಡಿಸಲುಗಳು ಎದ್ದವು. ನಾವೂ ಸೋಗೆಯ ಒಂದು ಗುಡಿಸಲು ಹಾಕಿಕೊಂಡೆವು. ಹೊಸಕೋಟೆಯಿಂದ ಸೂಜಿ ಹಾಕುವವರು ಬಂದರು. ಕೆಲವರು ಹಾಕಿಸಿಕೊಂಡರು, ಕೆಲವರು ಹೊಲದೊಳಗೆ ಓಡಿ ಅವಿತುಕೊಂಡರು. ಅಪ್ಪ ಮಾತ್ರ ದಿನಾ ಬೆಳಿಗ್ಗೆ ಕೋಲೂರಿಕೊಂಡು ಖಾಲಿ ಊರಿಗೆ ಹೋಗಿ ಪೂಜೆ ಮಾಡಿ ಬರುತ್ತಿದ್ದರು. ಯಾರು ಬೇಡವೆಂದರೂ ಕೇಳಲಿಲ್ಲ. ಅವರು ಬದುಕಿ ಬರುವ ಆಸೆಯಿಂದ ಹೋಗುತ್ತಿದ್ದಾರೆ ಎಂದು ನನಗೆ ಅನ್ನಿಸಲಿಲ್ಲ.

ಆ ಸಲ ನಮ್ಮೂರಲ್ಲಿ ಹೋದವರಲ್ಲಿ ಹೂವಿನಕ್ಕನ ಮಗಳೂ ಒಬ್ಬಳು. ಮಂಗಳವಾರ ಜ್ವರ, ಬುಧವಾರ ತೊಡೆಯ ಸಂದಿಯಲ್ಲಿ ಗಡ್ಡೆ, ಶುಕ್ರವಾರ ಮಧ್ಯಾಹ್ನ ಎಲ್ಲ ಮುಗಿದಿತ್ತು. ನಮ್ಮ ಗುಡಿಸಲಿಂದ ಆ ತಾಯಿಯ ಅಳು ಕೇಳಿಸುತ್ತಿತ್ತು. ಅಪ್ಪ ಕಿವಿ ಮುಚ್ಚಿಕೊಳ್ಳಲಿಲ್ಲ. ಅಳು ಬರುವ ಕಡೆಗೇ ಮುಖ ಮಾಡಿ ಕೂತು ಕೇಳುತ್ತಿದ್ದರು.

"ಇದು ನನ್ನಿಂದ," ಎಂದರು.

"ಇಲಿಯಿಂದ ಅಪ್ಪಾ. ಸೂಜಿ ಹಾಕೋರು ಹೇಳಲಿಲ್ಲವಾ?" ನಾನು ಮಿಡ್ಲ್ ಸ್ಕೂಲಿನ ತನಕ ಓದಿದವಳು. ಇಲಿ, ಚಿಗಟ ಎಲ್ಲ ನನಗೆ ಗೊತ್ತಿತ್ತು. ಆದರೂ ಹೇಳುವಾಗ ನನ್ನ ದನಿಯಲ್ಲಿ ಜೀವವಿರಲಿಲ್ಲ. ಗೊತ್ತಿರುವುದು ಬೇರೆ, ರಾತ್ರಿಹಗಲು ಎದೆಯಲ್ಲಿ ಕೂತಿರುವುದು ಬೇರೆ.

ಬೇಸಿಗೆ ಏರಿದ ಮೇಲೆ ಕಾಯಿಲೆ ಇಳಿಯಿತು. ಮನೆಗಳಿಗೆ ಸುಣ್ಣ ಬಳಿದು ಊರು ತಿರುಗಿ ತುಂಬಿಕೊಂಡಿತು. ಹೂವಿನಕ್ಕ ಮತ್ತೆ ಹೂ ತರತೊಡಗಿದರು. ಬುಟ್ಟಿ ಇಟ್ಟು, ಕಂಬದ ಹತ್ತಿರ ಒಂದು ಗಳಿಗೆ ನಿಂತು ಹೋಗುತ್ತಿದ್ದರು.

ಆ ದಿನಗಳಲ್ಲೇ ಮೈಸೂರಿನಿಂದ ಶಾಸನ ಓದುವ ಸರ್ಕಾರದವರೊಬ್ಬರು ಬಂದರು. ಐವತ್ತರ ಆಸುಪಾಸಿನ ಮನುಷ್ಯ, ಬಿಳಿ ಕೋಟು, ಮಡಿಸಿದ ಕೊಡೆ, ನಶ್ಯದ ಡಬ್ಬಿ. ಪಟೇಲರ ಮನೆಯಲ್ಲಿ ಇಳಿದುಕೊಂಡು ಹಗಲೆಲ್ಲ ಗುಡಿಯಲ್ಲಿ ಇರುತ್ತಿದ್ದರು. ಗೋಡೆಯ ಬುಡವನ್ನು ತೊಳೆದು, ಒದ್ದೆ ಕಾಗದ ಅಂಟಿಸಿ, ಕುಂಚದಿಂದ ತಟ್ಟಿ ತಟ್ಟಿ ಮಸಿ ಒತ್ತುತ್ತಿದ್ದರು. ಕಾಗದ ಎತ್ತಿದರೆ ಕಪ್ಪಿನಲ್ಲಿ ಬಿಳಿ ಅಕ್ಷರ. ನನಗೆ ಅದನ್ನು ನೋಡುವುದೇ ಒಂದು ಸೋಜಿಗ. ನೀರು ತಂದುಕೊಡುವ ನೆಪದಲ್ಲಿ ಪಕ್ಕದಲ್ಲೇ ನಿಲ್ಲುತ್ತಿದ್ದೆ.

"ಈ ಅರವದ ಬರಹ ಚೋಳರ ಕಾಲದ್ದಮ್ಮ," ಎಂದರು. "ಗುಡಿ ಅಷ್ಟು ಹಳೇದು. ನಿಧಿ ಗಿಧಿ ಏನೂ ಇಲ್ಲ. ದೀಪದ ತುಪ್ಪಕ್ಕೆ ಅಂತ ಕುರಿ ಬಿಟ್ಟಿದ್ದು, ಗದ್ದೆ ಬಿಟ್ಟಿದ್ದು, ಅಷ್ಟೆ." ಆಮೇಲೆ ಸುಕನಾಸಿಯ ಬಾಗಿಲ ಕಂಬವನ್ನು ಉಗುರಲ್ಲಿ ಕೆರೆದು ನೋಡಿದರು. "ಎಷ್ಟು ತಲೆಮಾರಿನಿಂದ ಇದಕ್ಕೆ ಸುಣ್ಣ ಬಳೀತಿದೀರಿ? ಒಳಗೆ ಏನೋ ಇದೆ."

ಎರಡು ದಿನ ಕೂತು ಸುಣ್ಣದ ಪದರ ಎಬ್ಬಿಸಿದರು. ಅಡಿಯಲ್ಲಿ ಕನ್ನಡದ ಅಕ್ಷರ ಕಾಣಿಸಿತು, ಹಳೆಯ ದುಂಡು ಬರಹ. ವಿಜಯನಗರದ ಅರಸರ ಕಾಲದ್ದು ಎಂದರು. ಅಪ್ಪನೂ ಬಂದು ಕೂತಿದ್ದರು. ಆತ ಬೆರಳಿಟ್ಟುಕೊಂಡು ನಿಧಾನವಾಗಿ ಓದಿ, ನಮ್ಮ ಮಾತಿನಲ್ಲಿ ಬಿಡಿಸಿ ಹೇಳಿದರು. ಈ ಗುಡಿಯಲ್ಲಿ ಮೊದಲಿದ್ದ ದೇವರ ಮೂರ್ತಿ ಭಿನ್ನವಾಯಿತು. ಆಗಿನ ಸ್ಥಾನಿಕ, ಎಂದರೆ ಗುಡಿಯ ಪೂಜೆಯ ಹೊಣೆ ಹೊತ್ತವನು, ಊರ ಗೌಡಪ್ರಜೆಗಳ ಮುಂದೆ ಅದನ್ನು ಅರಿಕೆ ಮಾಡಿಕೊಂಡ. ಎಲ್ಲರೂ ಒಪ್ಪಿ ಹಳೆಯ ಮೂರ್ತಿಯನ್ನು ಕೆರೆಗೆ ಬಿಟ್ಟರು. ಅದೇ ಪೀಠದ ಮೇಲೆ ವೇಣುಗೋಪಾಲನನ್ನು ನಿಲ್ಲಿಸಿದರು.

ಅಪ್ಪ ಕಂಬದ ಕಡೆಗೆ ಇನ್ನಷ್ಟು ಸರಿದು ಕೂತರು.

"ಹೇಗೆ ಭಿನ್ನವಾಯ್ತು ಅಂತ ಇದೆಯಾ?" ಎಂದು ಕೇಳಿದರು.

"ಇಲ್ಲ ಸ್ವಾಮಿ. ಸ್ಥಾನಿಕನ ಹೆಸರೂ ಸವೆದಿದೆ." ಆತ ನಶ್ಯ ಏರಿಸಿ ಕರವಸ್ತ್ರದಲ್ಲಿ ಮೂಗು ಒರೆಸಿಕೊಂಡರು. "ಪೀಠ ಮೂರ್ತಿಗಿಂತ ಅಗಲವಾಗಿದೆ ಅಂತ ಇಲ್ಲಿಂದ ನೋಡಿದಾಗಲೇ ಅನುಮಾನ ಬಂತು. ನೀವು ಹೇಳ್ತೀರಲ್ಲ, ಕೆರೆಯಿಂದ ದೇವರು ಬಂದ ಅಂತ. ನಿಜವಾಗಿ ಕೆರೆಗೆ ಹೋದದ್ದು ಒಬ್ಬ, ಗುಡಿಗೆ ಬಂದದ್ದು ಇನ್ನೊಬ್ಬ. ಜನ ನೆನಪಿಟ್ಟುಕೊಂಡಿದ್ದಾರೆ, ಸ್ವಲ್ಪ ತಿರುಗಿಸಿಕೊಂಡಿದ್ದಾರೆ."

ಆತ ಇನ್ನೊಂದು ಮಾತು ಕೇಳಿದರು. ಹೂವು, ವಸ್ತ್ರ ತೆಗೆದು ಮೂರ್ತಿಯನ್ನು ಒಮ್ಮೆ ತೋರಿಸಬಹುದೇ, ಕೆತ್ತನೆಯ ಶೈಲಿ ಬರೆದುಕೊಳ್ಳಬೇಕು ಎಂದು. ಅಪ್ಪ ಆಗುವುದಿಲ್ಲ ಎಂದರು. ಆತ ಒತ್ತಾಯ ಮಾಡಲಿಲ್ಲ. ಮಾರನೆಯ ದಿನ ಕಾಗದಗಳನ್ನು ಸುರುಳಿ ಸುತ್ತಿಕೊಂಡು ಸೂಲಿಬೆಲೆಯ ಕಡೆ ಗಾಡಿ ಹತ್ತಿದರು.

ಅಪ್ಪನಿಗೆ ಸಮಾಧಾನವಾಗುತ್ತದೆ ಎಂದು ನಾನು ಎಣಿಸಿದ್ದೆ. ಮೊದಲೂ ಹೀಗೆ ಆಗಿತ್ತಲ್ಲ, ಗುಡಿ ಮುಳುಗಲಿಲ್ಲವಲ್ಲ. ಹಾಗೆಂದೆ ಕೂಡ. ಅವರಿಗೆ ಸಿಟ್ಟು ಬಂತು.

"ಏನು ಸಮಾಧಾನ? ಆ ಸ್ಥಾನಿಕ ಹೋಗಿ ಊರ ಮುಂದೆ ನಿಂತು ಹೇಳಿದ. ಕಲ್ಲಿನ ಮೇಲೆ ಬರೆಸಿದ. ನಾನು ಅರಗು ಹಚ್ಚಿಸಿದೆ. ಅದೂ ಮಗಳ ಕೈಲಿ." ಮತ್ತೆ, "ಆ ಕಂಬದ ಪಕ್ಕದಲ್ಲೇ ನಲವತ್ತು ವರ್ಷ ಓಡಾಡಿದೀನಿ. ಅದರ ಮೇಲೆ ಸುಣ್ಣ ಬಳಿಸಿದೋನೂ ನಾನೇ," ಎಂದರು.

ಆ ವಾರದಲ್ಲೇ ಒಂದು ಬೆಳಿಗ್ಗೆ ಅಪ್ಪ ಪಟೇಲರಿಗೆ ಹೇಳಿಕಳಿಸಿ ಊರವರನ್ನು ಗುಡಿಯ ಮುಂದಿನ ಮಂಟಪಕ್ಕೆ ಕರೆಸಿದರು. ಹೊರಡುವ ಮುಂಚೆ ನನಗೆ ಅಂದರು, "ನೀನು ಬಾಯಿ ಬಿಡಬೇಡ. ನನ್ನಾಣೆ."

ಮಂಟಪದಲ್ಲಿ ಗಂಡಸರೆಲ್ಲ ಕೂತಿದ್ದರು. ಹೆಂಗಸರು ಹೊರಗೆ ಬೇವಿನ ಮರದ ಕೆಳಗಿದ್ದರು. ನಾನು ನವರಂಗದ ಬಾಗಿಲಲ್ಲಿ ನಿಂತಿದ್ದೆ. ಅಪ್ಪ ಪೀಠಿಕೆ ಹಾಕಲಿಲ್ಲ. "ಸ್ವಾಮಿ ಭಿನ್ನವಾಗಿದಾನೆ. ನನ್ನ ಕೈಯಿಂದಲೇ ಆಯ್ತು. ಮೂರು ಬೆರಳು ಮುರೀತು, ಅರಗಲ್ಲಿ ಅಂಟಿಸಿದ್ದಾಯ್ತು. ಮುಚ್ಚಿಟ್ಟೆ," ಎಂದರು.

ಕೆಲವರಿಗೆ ಮೊದಲು ಅರ್ಥವೇ ಆಗಲಿಲ್ಲ. ಪಟೇಲರು ಕೇಳಿದರು, "ಎಷ್ಟು ದಿನ ಆಯ್ತು ಅಯ್ನೋರೇ?"

"ಹೋದ ವರ್ಷದ ಧನುರ್ಮಾಸ."

ಜನ ಒಳಗೊಳಗೇ ತಿಂಗಳು ಎಣಿಸುತ್ತಿದ್ದುದು ಮುಖದಲ್ಲಿ ಕಾಣುತ್ತಿತ್ತು. ಪ್ಲೇಗಿಗೆ ಮುಂಚೆ. ಯಾರೋ ಹಿಂದಿನಿಂದ ಕೂಗಿದರು, ಇನ್ನೊಬ್ಬರು ಎದ್ದು ನಿಂತರು. ಪಟೇಲರು ಕೈಯೆತ್ತಿ ಸುಮ್ಮನಾಗಿಸಿದರು. ಆ ಕಾಯಿಲೆಯಲ್ಲಿ ಅವರ ತಮ್ಮನೂ ಹೋಗಿದ್ದ.

ಹೂವಿನಕ್ಕ ಹೆಂಗಸರ ನಡುವಿನಿಂದ ಎದ್ದು ಮಂಟಪದ ಮೆಟ್ಟಿಲ ಹತ್ತಿರ ಬಂದರು. ಕೂಗಾಡಲಿಲ್ಲ. "ಹೂವ ಜಾಸ್ತಿ ಕೇಳಿದ್ದು ಇದ್ಕಾ ಸ್ವಾಮಿ?" ಎಂದರು. ಅಪ್ಪ ತಲೆ ತಗ್ಗಿಸಿದರು. "ನನ್ ಕೂಸು ಜ್ವರದಾಗೆ ಅದನ್ನೇ ಅಂತಿದ್ಲು. ಸ್ವಾಮಿಗೆ ಚಳಿ, ಹೂವ ತಕ್ಕೊಂಡೋಗವ್ವ ಅಂತ. ಯಾರೇ ಹಂಗಂದೋರು ಅಂದ್ರೆ, ಅಕ್ಕ ಹೇಳವ್ಳೆ ಅನ್ನೋಳು."

ಆಗ ಅವರು ನನ್ನ ಕಡೆ ನೋಡಿದರು. ನಾನು ಬಾಗಿಲ ಮರೆಗೆ ಸರಿದೆ.

ಪಟೇಲರು ಮತ್ತೆ ಕೇಳಿದರು, "ಬೆರಳು ಅಂಟಿಸ್ದೋರು ಯಾರು?"

"ನಾನೇ."

"ನಿಮ್ಗೆ ಎದುರಿಗಿರೋ ಮನುಷ್ಯರೇ ಕಾಣಲ್ಲ. ಅಷ್ಟು ಸಣ್ಣ ಕೆಲಸ ಹೆಂಗೆ ಮಾಡಿದ್ರಿ?"

"ಮುಟ್ಟಿದ್ರೆ ಗೊತ್ತಾಗುತ್ತೆ ಗೌಡರೇ," ಎಂದರು ಅಪ್ಪ. ಜೀವಮಾನವೆಲ್ಲ ಸುಳ್ಳಾಡದ ಮನುಷ್ಯ, ಊರೆದುರು, ಗುಡಿಯಲ್ಲಿ ಕೂತು, ನನಗಾಗಿ ಸುಳ್ಳು ಹೇಳಿದರು. ಹೆಣ್ಣುಮಗಳು ಗರ್ಭಗುಡಿಗೆ ಹೋಗಿ ಮೂರ್ತಿ ಮುಟ್ಟಿದಳು ಎಂದು ತಿಳಿದರೆ ಊರು ನನ್ನನ್ನು ಏನು ಮಾಡುತ್ತಿತ್ತೋ ನನಗೆ ತಿಳಿಯದು. ಆಣೆಯಿದೆ ಎಂದು ನನ್ನನ್ನು ನಾನು ಒಪ್ಪಿಸಿಕೊಂಡೆ. ನಿಜ ಹೇಳಬೇಕೆಂದರೆ ಆಣೆ ಇರದಿದ್ದರೂ ನಾನು ಬಾಯಿ ಬಿಡುತ್ತಿರಲಿಲ್ಲ. ಹೆದರಿದ್ದೆ.

ಊರವರು ಅಪ್ಪನ ಮೈಮೇಲೆ ಕೈ ಮಾಡಲಿಲ್ಲ. ಹಾಗೆ ಮಾಡಿದ್ದರೆ ಅವರಿಗೆ ಹಗುರಾಗುತ್ತಿತ್ತೇನೋ. ಪಟೇಲರು ಎದ್ದು, "ಇನ್ನು ಒಳಕ್ಕೆ ಹೋಗಬ್ಯಾಡಿ ಅಯ್ನೋರೇ," ಎಂದಷ್ಟೇ ಹೇಳಿ ಹೊರಟುಹೋದರು. ಉಳಿದವರೂ ಒಬ್ಬೊಬ್ಬರಾಗಿ ಹೋದರು. ಬಿಸಿಲು ಏರುವ ತನಕ ನಾವಿಬ್ಬರೇ ಅಲ್ಲಿ ಕೂತಿದ್ದೆವು.

ಆಮೇಲಿನದು ಶಾಸ್ತ್ರದ ಪ್ರಕಾರ ನಡೆಯಿತು. ದೊಡ್ಡಬಳ್ಳಾಪುರದಿಂದ ನಮ್ಮ ದೂರದ ನೆಂಟರಾದ ಅರ್ಚಕರೊಬ್ಬರನ್ನು ಕರೆಸಿದರು. ಅವರು ಮೂರ್ತಿಯಲ್ಲಿದ್ದ ಸಾನ್ನಿಧ್ಯವನ್ನು ಕಳಶದ ನೀರಿಗೆ ಇಳಿಸಿ ಅದಕ್ಕೇ ಪೂಜೆ ನಡೆಸಿದರು. ಶಿವಾರಪಟ್ಟಣದ ಶಿಲ್ಪಿಗಳು ಹೊಸ ವೇಣುಗೋಪಾಲನನ್ನು ಕಡೆದು ಕೊಡಲು ಒಂದು ವರ್ಷ ಹಿಡಿಯಿತು. ಮೂರ್ತಿ ಗಾಡಿಯಲ್ಲಿ ಬಂದ ದಿನ ಹಳೆಯವನನ್ನು ಹುಲ್ಲಿನ ಹಾಸಿಗೆಯ ಮೇಲೆ ಮಲಗಿಸಿ ಕೆರೆಯ ಮಡುವಿನ ತನಕ ಹೊತ್ತುಕೊಂಡು ಹೋದರು. ಅಪ್ಪನನ್ನು ಯಾರೂ ಕರೆಯಲಿಲ್ಲ, ಬರಬೇಡಿ ಎಂದೂ ಹೇಳಲಿಲ್ಲ. ನನ್ನ ಹೆಗಲು ಹಿಡಿದುಕೊಂಡು ಏರಿಯ ಮೇಲೆ ನಿಂತರು. ಮುಳುಗಿದ ಸದ್ದು ಕೇಳಿದಾಗ, "ಹೋದನಾ?" ಎಂದರು. ಹೋದ ಎಂದೆ.

ಹೊಸ ಮೂರ್ತಿ ಚೆಂದವಿತ್ತು. ಪೀಠಕ್ಕೆ ಅಳತೆ ತೆಗೆದು ಮಾಡಿಸಿದ್ದರಿಂದ ಈ ಸಲ ಪೀಠ ಅಗಲ ಅನ್ನಿಸುತ್ತಿರಲಿಲ್ಲ. ಹೊಸ ಅರ್ಚಕರು ಬಂದವರಿಗೆ ಕೆರೆಯಿಂದ ಬಂದ ಸ್ವಾಮಿಯ ಕಥೆಯನ್ನು ಹಾಗೆಯೇ ಹೇಳುತ್ತಿದ್ದರು, ಶಿವಾರಪಟ್ಟಣದ ಮಾತನ್ನು ಎತ್ತದೆ. ಅಪ್ಪ ಮಂಟಪದ ಮೂಲೆಯಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದರು. ಯಾರೂ ಇಲ್ಲದ ಹೊತ್ತಿನಲ್ಲಿ ಎದ್ದು ಸುಕನಾಸಿಯ ಬಾಗಿಲ ಕಂಬವನ್ನು ತಡವುತ್ತಿದ್ದರು. ಆ ಸ್ಥಾನಿಕನ ಹೆಸರು ಸವೆದ ಜಾಗ ಎಲ್ಲಿದೆಯೆಂದು ಅವರ ಬೆರಳಿಗೆ ಗೊತ್ತಾಗಿತ್ತು. ಅಲ್ಲಿಗೆ ಬಂದು ಕೈ ನಿಲ್ಲುತ್ತಿತ್ತು. ಅವನ ಹೆಸರೇನಿದ್ದಿರಬಹುದು ಎಂದು ನನ್ನನ್ನು ಒಂದೆರಡು ಸಲ ಕೇಳಿದ್ದುಂಟು. ಸ್ವಾತಂತ್ರ್ಯ ಬರುವ ಕೆಲವು ತಿಂಗಳ ಮುಂಚೆ, ಜ್ವರ ಬಂದು ಒಂದು ವಾರ ಮಲಗಿ ಅಪ್ಪ ತೀರಿಕೊಂಡರು. ಪಟೇಲರು ಬಂದು ಹೆಗಲು ಕೊಡುವವರನ್ನು ಒಟ್ಟು ಮಾಡಿದರು. ಮನಸ್ಸಿನಲ್ಲಿ ಏನಿತ್ತೋ, ಮಾಡುವುದನ್ನು ಕಡಿಮೆ ಮಾಡಲಿಲ್ಲ.

ನನಗೆ ಬಂದ ಸಂಬಂಧಗಳು ಬಾಗಿಲ ತನಕ ಬಂದು ಹಿಂತಿರುಗುತ್ತಿದ್ದವು. ದೇವರನ್ನು ಭಿನ್ನ ಮಾಡಿದವರ ಮನೆ ಎಂದು ಯಾರಾದರೂ ಹೇಳಿಯೇ ಹೇಳುತ್ತಿದ್ದರು. ಕೊನೆಗೆ ನೆಲಮಂಗಲದ ಕಡೆಯ ಸ್ಕೂಲ್ ಮೇಷ್ಟ್ರೊಬ್ಬರು ಒಪ್ಪಿದರು. ಅವರಿಗೆ ಎರಡನೆಯ ಸಂಬಂಧ. ಎಲ್ಲ ವಿಚಾರಿಸಿಕೊಂಡೇ ಒಪ್ಪಿದವರು. ನನಗಾಗ ಇಪ್ಪತ್ತೆರಡು.

ಊರು ಬಿಡುವ ಹಿಂದಿನ ದಿನ ಬೆಳಿಗ್ಗೆ ಹೂವಿನಕ್ಕನ ತೋಟಕ್ಕೆ ಹೋದೆ. ಅವರು ಸಾಲಿನ ನಡುವೆ ಬಗ್ಗಿ ಕನಕಾಂಬರ ಬಿಡಿಸುತ್ತಿದ್ದರು. ಅಷ್ಟು ವರ್ಷ ನನ್ನ ಜೊತೆ ಎರಡು ಮಾತಿಗಿಂತ ಹೆಚ್ಚು ಆಡಿರಲಿಲ್ಲ. ಬದುವಿನ ಮೇಲೆ ನಿಂತು, ತಡವರಿಸಿದರೆ ಹೇಳಲಾರೆ ಎಂದು ಒಂದೇ ಉಸಿರಿಗೆ ಹೇಳಿದೆ.

"ಹೂವಿನಕ್ಕಾ, ಬೆರಳು ಅಂಟಿಸಿದ್ದು ಅಪ್ಪ ಅಲ್ಲ, ನಾನು. ಒಳಗೆ ಹೋಗಿ ನಾನೇ ಅಂಟಿಸಿದೆ."

ಅವರು ತಲೆ ಎತ್ತಲಿಲ್ಲ. "ಗೊತ್ತು ಬುಡಿ ಅಮ್ಮಣ್ಣಿ. ಅವತ್ತೇ ಗೊತ್ತಾಯ್ತು. ಊರ್ಗೆಲ್ಲ ಗೊತ್ತಿತ್ತು. ಅಯ್ನೋರು ಉಣ್ಣೋಕೆ ಎಲೆ ಹುಡುಕೋರು, ಅವ್ರು ಬೆರಳು ಅಂಟಿಸ್ತಾರಾ?"

"ಊರಿಗೆಲ್ಲ ಗೊತ್ತಿತ್ತಾ? ಮತ್ತೆ ಯಾರೂ..."

"ಪಟೇಲ್ರೇ ಬ್ಯಾಡ ಅಂದ್ರು. ಒಂದ್ ಮನೆಗೆ ಇಷ್ಟು ಸಾಕು ಅಂದ್ರು." ಬಿಡಿಸಿದ ಹೂವನ್ನು ಮಡಿಲಿಗೆ ಹಾಕಿಕೊಂಡು ಸೊಂಟ ನೆಟ್ಟಗೆ ಮಾಡಿದರು. "ಪಕ್ಕದೂರಾಗೂ ಮಕ್ಕಳು ಹೋದ್ವು. ಅಲ್ಲಿ ದೇವ್ರು ನೆಟ್ಟಗೇ ಇದ್ದ. ಅಷ್ಟು ನಂಗೂ ತಿಳೀತದೆ. ನಿಮ್ಮಪ್ಪನ ಮ್ಯಾಲೆ ನಂಗೆ ಕ್ವಾಪ ಇಲ್ಲ, ಅವ್ರು ಬಂದು ಹೇಳುದ್ರು." ನನ್ನ ಮುಖ ನೋಡಿದರು. "ನೀವು ಈಗ ಬಂದೀರಿ. ನಾಳೆ ಹೋಗೋರು, ಇವತ್ತು ಬಂದೀರಿ."

ಅಷ್ಟು ಹೇಳಿ ಮತ್ತೆ ಬಗ್ಗಿದರು. ನಾನು ಬದುವಿನಿಂದ ಇಳಿದು ಪಕ್ಕದ ಸಾಲಿನಲ್ಲಿ ಬಿಡಿಸತೊಡಗಿದೆ. ಬೇಡವೆನ್ನಲಿಲ್ಲ, ಬಾ ಎಂದೂ ಅನ್ನಲಿಲ್ಲ. ಬಿಸಿಲು ಬೆನ್ನಿಗೆ ತಾಗುವ ತನಕ ಇಬ್ಬರೂ ಬಿಡಿಸಿದೆವು. ಮುಗಿದ ಮೇಲೆ ನನ್ನ ಸೆರಗಿನಲ್ಲಿದ್ದದ್ದನ್ನು ಅವರ ಬುಟ್ಟಿಗೆ ಸುರಿದೆ. ಗಾಡಿ ಎಷ್ಟೊತ್ತಿಗೆ ಎಂದು ಕೇಳಿದರು. ಬೆಳಿಗ್ಗೆ ಊಟ ಆದಮೇಲೆ ಎಂದೆ. ಹುಷಾರಾಗಿ ಹೋಗಿಬನ್ನಿ ಎಂದು ಬುಟ್ಟಿ ತಲೆಗೇರಿಸಿಕೊಂಡು ಊರ ಕಡೆ ನಡೆದರು. ನಾನು ಬಾವಿಯಲ್ಲಿ ಕೈಕಾಲು ತೊಳೆದು, ಸ್ವಲ್ಪ ಹೊತ್ತು ಬಿಟ್ಟು, ಅದೇ ದಾರಿ ಹಿಡಿದೆ.